ಐಟಿಐ ಕಲಿತವನು ಜರ್ಮನಿಗೆ ಹೊರಡುವ ಮೊದಲು

ತಮ್ಮಾ,

ನೀನು ಕೇಳಿದ್ದನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ, ಓದುವ ಬೇರೆಯವರಿಗೂ ಗೊತ್ತಾಗಲಿ. ಊರು ಕಾಸರಗೋಡಿನ ಬದಿಯಡ್ಕದ ಹತ್ತಿರ. ಹತ್ತನೆಯವರೆಗೆ ಕನ್ನಡ ಮೀಡಿಯಂ, ಆಮೇಲೆ ಎರಡು ವರ್ಷದ ಐಟಿಐ ಇಲೆಕ್ಟ್ರೀಶನ್, ಈಗ ಒಂದೂವರೆ ವರ್ಷದಿಂದ ಕಂಟ್ರಾಕ್ಟರೊಬ್ಬರ ಜೊತೆ ಮನೆ ವೈರಿಂಗ್. ಭಾವ ದುಬೈಗೆ ಬಾ ಎನ್ನುತ್ತಿದ್ದಾರೆ. ಮಂಗಳೂರಿನ ಏಜೆಂಟ್ ಒಬ್ಬ ಐದೂವರೆ ಲಕ್ಷ ಕೊಟ್ಟರೆ ಜರ್ಮನಿಯಲ್ಲಿ ದುಡಿಯುತ್ತಾ ಕಸುಬು ಕಲಿಯುವ ಔಸ್‌ಬಿಲ್ಡುಂಗ್ ಸೀಟು ಕೊಡಿಸುತ್ತೇನೆ ಎಂದಿದ್ದಾನೆ. ನಮ್ಮ ಐಟಿಐಗೆ ಅಲ್ಲಿ ಬೆಲೆ ಇದೆಯಾ ಅಣ್ಣಾ, ತಿಂಗಳ ಕೊನೆಗೆ ಏನು ಉಳಿಯುತ್ತದೆ, ಮಳೆಗಾಲಕ್ಕೆ ಮೊದಲು ಕಂಗಿಗೆ (ಅಡಿಕೆ ಮರಕ್ಕೆ) ಮದ್ದು ಬಿಡುವವನು ಮನೆಯಲ್ಲಿ ನಾನೊಬ್ಬನೇ, ತೋಟದ ಗತಿ ಏನು ಎಂದು ಕೇಳಿದ್ದೀಯ.

ಜರ್ಮನಿಗೆ ಹೋಗು ಎಂದೇ ಹೇಳುತ್ತೇನೆ. ಆದರೆ ಕೆಲಸ ಕಲಿಯಲಿಕ್ಕೆಂದು ಹೋಗು. ಕಲಿಕೆಯ ಮೊದಲ ಮೂರೂವರೆ ವರ್ಷ ದುಡ್ಡಿನ ಲೆಕ್ಕ ಹಾಕಿದರೆ ನಿನಗೆ ನಷ್ಟವೇ ಕಾಣುತ್ತದೆ. ಮನೆಯಲ್ಲಿ ಸಾಲವಿದ್ದು ಬರುವ ತಿಂಗಳಿನಿಂದಲೇ ಹಣ ಕಳಿಸಬೇಕಾದ ಸ್ಥಿತಿ ಇದ್ದರೆ ಭಾವ ಹೇಳುವುದೇ ಸರಿ, ದುಬೈಗೆ ಹೋಗು. ಅಲ್ಲಿ ಆದಾಯ ತೆರಿಗೆ ಇಲ್ಲ, ಹೆಚ್ಚಿನ ಕಂಪನಿಗಳು ಉಳಿಯಲು ಕ್ಯಾಂಪ್ ಕೊಡುತ್ತವೆ, ಕೈಗೆ ಬಂದದ್ದು ಉಳಿಯುತ್ತದೆ. ಅದರಲ್ಲಿ ಅವಮಾನ ಏನೂ ಇಲ್ಲ. ಕಾಸರಗೋಡಿನ ಎಷ್ಟೋ ಮನೆಗಳ ಮಾಡು ಗಲ್ಫಿನ ದುಡ್ಡಿನಲ್ಲೇ ಹೆಂಚಿನಿಂದ ಟೆರೇಸಿಗೆ ಬದಲಾದದ್ದು. ಆದರೆ ಅಲ್ಲಿಯ ವೀಸಾ ಕೆಲಸಕ್ಕೆ ಕಟ್ಟಿಕೊಂಡದ್ದು. ಹತ್ತು ವರ್ಷ ದುಡಿದ ಮೇಲೂ ನಿನ್ನ ಕೈಯಲ್ಲಿರುವ ಸರ್ಟಿಫಿಕೇಟ್ ಅದೇ ಐಟಿಐಯದ್ದು. ಇಪ್ಪತ್ತೊಂದರ ಹುಡುಗನಿಗೆ ಸಾಲದ ಒತ್ತಡ ಇಲ್ಲದಿದ್ದರೆ ನಾನು ಜರ್ಮನಿಯನ್ನೇ ಹೇಳುತ್ತೇನೆ.

ಏಜೆಂಟನ ವಿಷಯ ಮೊದಲು ಮುಗಿಸೋಣ. ಔಸ್‌ಬಿಲ್ಡುಂಗ್‌ಗೆ ಸೀಟು ಎಂಬುದೇ ಇಲ್ಲ. ಅದು ಕಾಲೇಜಲ್ಲ, ಒಂದು ಕಂಪನಿ ನಿನ್ನನ್ನು ಕಲಿಯುವವನಾಗಿ ಸೇರಿಸಿಕೊಂಡು ಕರಾರು ಮಾಡಿಕೊಳ್ಳುತ್ತದೆ, ಸಂಬಳವನ್ನೂ ಕೊಡುತ್ತದೆ. ಕಲಿಸುವುದಕ್ಕೆಂದು ಕಲಿಯುವವನಿಂದ ಹಣ ಪಡೆಯುವ ಕರಾರು ಜರ್ಮನಿಯ ವೃತ್ತಿಶಿಕ್ಷಣ ಕಾನೂನಿನ ಪ್ರಕಾರ ಅಸಿಂಧು. ಉಪಕರಣ, ಸಾಮಾನು ಕೂಡ ಕಂಪನಿಯೇ ಪುಕ್ಕಟೆ ಕೊಡಬೇಕು. ಆದ್ದರಿಂದ ಪ್ಲೈಯರ್, ಡ್ರಿಲ್ ಹೊತ್ತುಕೊಂಡು ಹೋಗಬೇಡ. ಭಾರತದ ಕಡೆಯಿಂದಲೂ, ವಿದೇಶಕ್ಕೆ ಕೆಲಸಗಾರರನ್ನು ಕಳಿಸುವವರ ಕೇಂದ್ರ ಸರ್ಕಾರಿ ತಾಣ ಇ-ಮೈಗ್ರೇಟ್‌ನಲ್ಲಿ ನೋಂದಣಿ ಇರುವ ಏಜೆಂಟ್ ಸೇವಾಶುಲ್ಕವೆಂದು ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ. ನೋಂದಣಿ ಸಂಖ್ಯೆ ಕೇಳು. ಕೊಡಲು ತಡವರಿಸಿದರೆ ಎದ್ದು ಬಾ. ಇನ್ನೊಂದು ಮಾತು: ನಮ್ಮ ಕಡೆಯ ಕನ್ನಡದವರು ಭಾಷೆ ಸಲೀಸು ಎಂದು ಎಲ್ಲದಕ್ಕೂ ಮಂಗಳೂರಿಗೆ ಓಡುತ್ತಾರೆ. ಆದರೆ ನೀನು ಕೇರಳದ ನಿವಾಸಿ. ನೋರ್ಕಾ ರೂಟ್ಸ್, ಒಡೆಪೆಕ್ ಎರಡೂ ಕೇರಳ ಸರ್ಕಾರದ ಸಂಸ್ಥೆಗಳು, ಜರ್ಮನಿಗೆ ಜನರನ್ನು ಕಳಿಸುವ ಕೆಲಸ ಅವಕ್ಕೆ ಗೊತ್ತು, ಅವುಗಳ ಮೇಲೆ ನಿನಗೆ ಹಕ್ಕಿದೆ. ಮಲಯಾಳದಲ್ಲಿ ಮಾತಾಡಬೇಕಾಗುತ್ತದೆ ಅಷ್ಟೆ. ಅದು ನಿನಗೆ ಬರುತ್ತದಲ್ಲ.

ಈಗ ಐಟಿಐಗೆ ಬೆಲೆ ಇದೆಯೇ ಎಂಬ ಪ್ರಶ್ನೆ. ಇದೆ. ಆದರೆ ಎಷ್ಟು ಎಂದು ಹೇಳುವವರು ಜರ್ಮನ್ನರು, ಅದೂ ಕಾಗದ ನೋಡಿ. ನಿನ್ನ ಮುಂದೆ ಇರುವ ದಾರಿ ಎರಡು.

ಒಂದು, ಮಾನ್ಯತೆಯ ದಾರಿ. ನಿನ್ನ ಐಟಿಐ ಪಾಠಕ್ರಮವನ್ನು ಅಲ್ಲಿಯ ಒಂದು ವೃತ್ತಿಯ ಜೊತೆ ಇಟ್ಟು ತಾಳೆ ನೋಡುತ್ತಾರೆ. ಯಾವ ವೃತ್ತಿಯ ಜೊತೆ ಎಂಬುದೇ ಮುಖ್ಯ. ಮನೆ, ಕಟ್ಟಡಗಳ ವೈರಿಂಗ್ ಮಾಡಿದವನಿಗೆ ಹೊಂದುವುದು ಕಟ್ಟಡ ತಂತ್ರದ ಇಲೆಕ್ಟ್ರೋನಿಕರ್. ಅದನ್ನು ನೋಡುವುದು ಹಾಂಡ್‌ವೆರ್ಕ್ಸ್‌ಕಾಮರ್, ಎಂದರೆ ಕಸುಬುಗಳ ಮಂಡಳಿ. ಕಾರ್ಖಾನೆಯ ಮೋಟಾರು, ಪ್ಯಾನೆಲ್ ನೋಡಿಕೊಂಡವನಿಗಾದರೆ ಬೇರೆ ವೃತ್ತಿ, ಬೇರೆ ಕಚೇರಿ. ಅದು ನ್ಯೂರ್ನ್‌ಬೆರ್ಗ್‌ನ ಐಎಚ್‌ಕೆ ಫೋಸಾ. ತಪ್ಪು ವೃತ್ತಿಗೆ ಅರ್ಜಿ ಹಾಕಿದರೆ ಶುಲ್ಕ ಹೋಯಿತು, ತಿಂಗಳುಗಳೂ ಹೋದವು. ಬಾನ್ ನಗರದಲ್ಲಿ ವಿದೇಶದಲ್ಲಿರುವವರಿಗೆಂದೇ ಒಂದು ಸಲಹಾ ಕೇಂದ್ರ ಇದೆ, ಜೆಡ್‌ಎಸ್‌ಬಿಎ ಎಂದು. ಅರ್ಜಿಗೆ ಮೊದಲು ಅವರಿಗೆ ಬರೆದು ಕೇಳು, ಸಲಹೆಗೆ ದುಡ್ಡಿಲ್ಲ.

ಈ ಅರ್ಜಿಯಲ್ಲಿ ನಮ್ಮವರು ಸೋಲುವುದು ಕೆಲಸ ಗೊತ್ತಿಲ್ಲದ್ದರಿಂದ ಅಲ್ಲ, ಅನುಭವಪತ್ರದಿಂದ. ‘ಇವರು ನಮ್ಮಲ್ಲಿ 18 ತಿಂಗಳು ಇಲೆಕ್ಟ್ರೀಶನ್ ಆಗಿದ್ದರು, ನಡತೆ ಒಳ್ಳೆಯದು’ ಎಂಬ ಎರಡು ಸಾಲಿನ ಕಾಗದಕ್ಕೆ ಅಲ್ಲಿ ಬೆಲೆಯಿಲ್ಲ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ವಾರಕ್ಕೆ ಎಷ್ಟು ಗಂಟೆ, ಏನೇನು ಮಾಡಿದ್ದು: ಡಿಸ್ಟ್ರಿಬ್ಯೂಷನ್ ಬೋರ್ಡ್ ಜೋಡಣೆ, ಮೂರು ಫೇಸಿನ ಸಂಪರ್ಕ, ಅರ್ತಿಂಗ್, ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್) ಕೂರಿಸಿದ್ದು, ಮೆಗ್ಗರ್ ಹಿಡಿದು ಇನ್ಸುಲೇಶನ್ ನೋಡಿದ್ದು, ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ. ಇಷ್ಟನ್ನೂ ಬರೆಸಿ, ಲೆಟರ್‌ಹೆಡ್‌ನಲ್ಲಿ ಸಹಿ, ಸೀಲು ಹಾಕಿಸಿಕೊ. ಕಂಟ್ರಾಕ್ಟರಿಗೆ ಬರೆಯಲು ಪುರುಸೊತ್ತು ಇರುವುದಿಲ್ಲ. ನೀನೇ ಬರೆದುಕೊಂಡು ಹೋಗಿ ಓದಿ ಹೇಳು, ನಿಜವಾಗಿ ಮಾಡಿದ್ದನ್ನು ಮಾತ್ರ. ಜೊತೆಗೆ ಐಟಿಐಯ ಪಾಠಕ್ರಮ ಬೇಕು. ಐಟಿಐಗಳನ್ನು ನೋಡಿಕೊಳ್ಳುವ ಕೇಂದ್ರ ಇಲಾಖೆ ಡಿಜಿಟಿಯ ಜಾಲತಾಣದಲ್ಲಿ ಅದು ಸಿಗುತ್ತದೆ. ನೀನು ಕಲಿತ ವರ್ಷದ್ದೇ ಆಗಿರಲಿ.

ಉತ್ತರ ಹೆಚ್ಚಾಗಿ ‘ಭಾಗಶಃ ಮಾನ್ಯ’ ಎಂದು ಬರುತ್ತದೆ, ಯಾವ ಯಾವ ಭಾಗ ಕಡಿಮೆ ಬಿತ್ತು ಎಂಬ ಪಟ್ಟಿಯೊಂದಿಗೆ. ಕಡಿಮೆ ಬಿದ್ದದ್ದನ್ನು ಅಲ್ಲಿಯ ಕಂಪನಿಯಲ್ಲೇ ಕಲಿತು ತುಂಬಿಸಬಹುದು. 2024ರ ಮಾರ್ಚ್‌ನಿಂದ ಇನ್ನೊಂದು ಅನುಕೂಲ ಆಗಿದೆ: ಸರ್ಕಾರಿ ಮಾನ್ಯತೆಯ ಕನಿಷ್ಠ ಎರಡು ವರ್ಷದ ತರಬೇತಿ ಮತ್ತು ಎ2 (ಭಾಷಾ ಪರೀಕ್ಷೆಯ ಎರಡನೆಯ ಮೆಟ್ಟಿಲು) ಮಟ್ಟದ ಜರ್ಮನ್ ಇದ್ದರೆ, ಕಂಪನಿ ಒಪ್ಪಿದಲ್ಲಿ, ಮೊದಲು ಹೋಗಿ ಕೆಲಸ ಮಾಡುತ್ತಾ ಮಾನ್ಯತೆ ಪಡೆಯಬಹುದು, ಹೆಚ್ಚೆಂದರೆ ಮೂರು ವರ್ಷ ಅವಕಾಶ. ಎರಡು ವರ್ಷದ ಐಟಿಐ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ವರ್ಷದ ಟ್ರೇಡು ಮಾಡಿದವರಿಗೆ ಈ ಬಾಗಿಲು ಇಲ್ಲ. ಆಪರ್ಚುನಿಟಿ ಕಾರ್ಡ್ ಎಂದು ಏಜೆಂಟರು ಹೇಳುವುದುಂಟಲ್ಲ, ಅದು ಕೆಲಸ ಹುಡುಕಲಿಕ್ಕೆ ಮಾತ್ರ. 2025ರಲ್ಲಿ ಅದಕ್ಕೆ ತಿಂಗಳಿಗೆ 1,091 ಯೂರೋ ಲೆಕ್ಕದಲ್ಲಿ ಒಂದು ವರ್ಷದ ಹಣ ತೋರಿಸಬೇಕಿತ್ತು. ನಿನಗೆ ಅದು ಬೇಡ.

ಎರಡನೆಯದು ಔಸ್‌ಬಿಲ್ಡುಂಗ್, ಮೊದಲಿನಿಂದ ಕಲಿಯುವುದು. ಇಲೆಕ್ಟ್ರೋನಿಕರ್‌ಗೆ ಮೂರೂವರೆ ವರ್ಷ. ವಾರದಲ್ಲಿ ಒಂದೆರಡು ದಿನ ವೃತ್ತಿಶಾಲೆ, ಉಳಿದ ದಿನ ಸೈಟಿನಲ್ಲಿ; ಕೆಲವು ಕಡೆ ಶಾಲೆಯನ್ನು ವಾರಗಟ್ಟಲೆ ಒಟ್ಟಿಗೆ ಇಡುತ್ತಾರೆ. ಮಧ್ಯೆ ಮಧ್ಯೆ ಮಂಡಳಿಯ ಸ್ವಂತ ವರ್ಕ್‌ಶಾಪಿನಲ್ಲಿ ಶಿಬಿರ, ಚಿಕ್ಕ ಕಂಪನಿಯಲ್ಲಿ ಕಾಣಸಿಗದ ಯಂತ್ರಗಳನ್ನು ಅಲ್ಲಿ ಕಲಿಸುತ್ತಾರೆ. ಪರೀಕ್ಷೆ ಎರಡು ಕಂತಿನಲ್ಲಿ. ಪಾಸಾದರೆ ನೀನು ಗೆಸೆಲ್ಲೆ, ಎಂದರೆ ಕಸುಬು ಕಲಿತು ಮುಗಿಸಿದ ಕೆಲಸಗಾರ.

ಯಾವುದು ಆರಿಸಬೇಕು? ಮೂವತ್ತರ ಹತ್ತಿರದವನು, ಎಂಟು ವರ್ಷ ಕೆಲಸ ಮಾಡಿದವನು ಕೇಳಿದ್ದರೆ ಮಾನ್ಯತೆ ಎನ್ನುತ್ತಿದ್ದೆ. ನಿನಗೆ ಔಸ್‌ಬಿಲ್ಡುಂಗ್. ‘ಕಲಿತದ್ದನ್ನೇ ಪುನಃ ಕಲಿಯುವುದಾ’ ಎಂದು ಕೇಳಿದ್ದೀಯ. ಪುನಃ ಕಲಿಯುವುದು ಏನು ಎಂದು ನೋಡು.

ಕರೆಂಟು ಎರಡೂ ಕಡೆ ಒಂದೇ: 230 ವೋಲ್ಟ್, 50 ಹರ್ಟ್ಸ್, ಮೂರು ಫೇಸಿಗೆ 400. ಬಣ್ಣ ಬೇರೆ. ಊರಿನಲ್ಲಿ ನಿನ್ನ ಕೈಗೆ ರೂಢಿಯಾದದ್ದು ಕೆಂಪು, ಹಳದಿ, ನೀಲಿ ಫೇಸ್, ಕಪ್ಪು ನ್ಯೂಟ್ರಲ್, ಹಸುರು ಅರ್ತ್. ಜರ್ಮನಿಯಲ್ಲಿ ನೀಲಿ ನ್ಯೂಟ್ರಲ್. ಕಪ್ಪು, ಕಂದು, ಬೂದು ಮೂರೂ ಫೇಸ್. ಹಸುರು-ಹಳದಿ ಪಟ್ಟೆಯದ್ದು ಅರ್ತ್. ಅಂದರೆ ನಿನ್ನ ಕೈ ‘ಇದು ಸತ್ತ ತಂತಿ’ ಎಂದು ಹಿಡಿಯಲು ಹೋಗುವ ಕಪ್ಪು ತಂತಿಯಲ್ಲೇ ಅಲ್ಲಿ ಜೀವ ಇರುವುದು. ಇದಕ್ಕಿಂತ ಕೆಟ್ಟದ್ದು ಹಳೆಯ ಮನೆಗಳಲ್ಲಿ: 1960ರ ದಶಕದ ಮಧ್ಯದವರೆಗಿನ ವೈರಿಂಗ್‌ನಲ್ಲಿ ಅಲ್ಲಿ ಕೆಂಪು ತಂತಿ ಅರ್ತ್ ಆಗಿರುತ್ತಿತ್ತು, ಬೂದು ನ್ಯೂಟ್ರಲ್. ಎರಡೇ ತಂತಿ ಎಳೆದು ನ್ಯೂಟ್ರಲನ್ನೇ ಸಾಕೆಟ್ಟಿನ ಅರ್ತ್ ಪಿನ್ನಿಗೂ ಕಟ್ಟಿದ ಮನೆಗಳು ಈಗಲೂ ಸಿಗುತ್ತವೆ. ಅಂಥಲ್ಲಿ ನ್ಯೂಟ್ರಲ್ ಕಡಿದರೆ ಇಸ್ತ್ರಿಪೆಟ್ಟಿಗೆಯ ಮೈಗೆಲ್ಲ ಕರೆಂಟು. ಆದ್ದರಿಂದ ಮೊದಲ ವಾರದಲ್ಲೇ ಕಲಿಸುವುದು ಬಣ್ಣವನ್ನು ನಂಬದಿರಲು.

ಹಾಗಾದರೆ ಯಾವುದನ್ನು ನಂಬುವುದು? ಐದು ನಿಯಮಗಳನ್ನು, ಇದೇ ಕ್ರಮದಲ್ಲಿ: ಲೈನು ಬಿಡಿಸು, ಬೇರೆ ಯಾರೂ ಪುನಃ ಹಾಕದ ಹಾಗೆ ಬೀಗ ಹಾಕು ಅಥವಾ ತಡೆ ಮಾಡು, ಎಲ್ಲ ತಂತಿಗಳಲ್ಲೂ ಕರೆಂಟಿಲ್ಲವೆಂದು ಅಳೆದು ನೋಡು, ಅರ್ತ್ ಮಾಡಿ ಶಾರ್ಟ್ ಮಾಡು, ಪಕ್ಕದಲ್ಲಿ ಜೀವ ಇರುವ ಭಾಗಗಳಿದ್ದರೆ ಮುಚ್ಚು. ಮನೆ ವೈರಿಂಗ್‌ನಂಥ ಕಡಿಮೆ ವೋಲ್ಟೇಜಿನಲ್ಲಿ ನಾಲ್ಕನೆಯದಕ್ಕೆ ರಿಯಾಯಿತಿ ಉಂಟು, ಮೊದಲ ಮೂರಕ್ಕೆ ಇಲ್ಲ. ಅಳೆಯುವುದಕ್ಕೆ ನಮ್ಮ ಜೇಬಿನ ಸ್ಕ್ರೂಡ್ರೈವರ್ ಟೆಸ್ಟರ್ ಒಪ್ಪಿಗೆಯಲ್ಲ. ಬೆಳಕು ಜೋರಾಗಿದ್ದರೆ ಅದರ ನಿಯಾನ್ ಕಾಣುವುದಿಲ್ಲ. ರಬ್ಬರ್ ಚಪ್ಪಲಿ ಹಾಕಿ ಒಣ ಏಣಿಯ ಮೇಲೆ ನಿಂತಿದ್ದರೆ ಹೊತ್ತಿಕೊಳ್ಳುವುದೇ ಇಲ್ಲ. ನೀನು ಕರೆಂಟಿಲ್ಲ ಎಂದುಕೊಳ್ಳುತ್ತೀಯ. ಎರಡು ಕಡ್ಡಿಯ ವೋಲ್ಟೇಜ್ ಟೆಸ್ಟರ್ ಬೇಕು. ಅದನ್ನೂ ಮೊದಲು ಜೀವ ಇರುವ ಸಾಕೆಟ್ಟಿನಲ್ಲಿ ನೋಡಿ, ನಂತರ ಕೆಲಸದ ಜಾಗದಲ್ಲಿ ನೋಡಿ, ಪುನಃ ಸಾಕೆಟ್ಟಿನಲ್ಲಿ ನೋಡಬೇಕು. ಮಧ್ಯದಲ್ಲಿ ಟೆಸ್ಟರೇ ಸತ್ತಿದ್ದರೆ ಗೊತ್ತಾಗುವುದು ಹೀಗೆ ಮಾಡಿದರೆ ಮಾತ್ರ. ಈ ಒಂದು ಅಭ್ಯಾಸವನ್ನು ನೀನು ಜರ್ಮನಿಗೆ ಹೋಗದಿದ್ದರೂ ನಾಳೆಯಿಂದಲೇ ಶುರು ಮಾಡು.

ಗೋಡೆಯೊಳಗೆ ತಂತಿ ಹೋಗುವ ದಾರಿಗೂ ಕಟ್ಟಳೆ ಇದೆ. ಮುರಕಲ್ಲಿನ ಗೋಡೆಯಲ್ಲಿ ನಾವು ಹತ್ತಿರದ ದಾರಿ ಎಂದು ಓರೆಯಾಗಿ ಕೊರೆದು ಪೈಪು ಇಡುತ್ತೇವೆ. ಅಲ್ಲಿ ಓರೆ ಇಲ್ಲ. ಅಡ್ಡ ಹೋಗುವುದಾದರೆ ಮಾಡಿನಿಂದ ಕೆಳಗೆ 15ರಿಂದ 45 ಸೆಂ.ಮೀ. ಒಳಗೆ, ಅಥವಾ ನೆಲದಿಂದ ಮೇಲೆ ಅಷ್ಟೇ ಅಂತರದಲ್ಲಿ. ಉದ್ದಕ್ಕೆ ಹೋಗುವುದಾದರೆ ಬಾಗಿಲು, ಕಿಟಕಿಯ ದಾರಂದದಿಂದ ಅಥವಾ ಮೂಲೆಯಿಂದ 10ರಿಂದ 30 ಸೆಂ.ಮೀ. ಒಳಗೆ. ಸಾಕೆಟ್ ನೆಲದಿಂದ 30 ಸೆಂ.ಮೀ., ಸ್ವಿಚ್ 105. ಏಕೆ? ಇಪ್ಪತ್ತು ವರ್ಷದ ನಂತರ ಆ ಮನೆಯಲ್ಲಿ ಕಪಾಟು ತೂಗುಹಾಕಲು ಡ್ರಿಲ್ ಹಿಡಿಯುವವನಿಗೆ ವೈರಿಂಗ್ ಮಾಡಿದವನ ಪರಿಚಯ ಇರುವುದಿಲ್ಲ. ಆದರೂ ತಂತಿ ಎಲ್ಲಿರಬಹುದು ಎಂದು ಅವನಿಗೆ ಗೊತ್ತಿರುತ್ತದೆ.

ತಂತಿಯೂ ಬೇರೆ. ಊರಿನಲ್ಲಿ ನೂಲು ನೂಲಾದ ತಂತಿ, ಅಲ್ಲಿ ಮನೆಯೊಳಗೆ 1.5 ಚದರ ಮಿ.ಮೀ.ಯ ಗಟ್ಟಿ ಒಂಟಿ ತಾಮ್ರ, ಮೂರೋ ಐದೋ ಸೇರಿ ಬೂದು ಹೊದಿಕೆಯ ಕೇಬಲ್. ತಿರುಚಿ ಟೇಪು ಸುತ್ತುವುದು ಅಲ್ಲಿ ಜಾಯಿಂಟ್ ಎನಿಸುವುದಿಲ್ಲ. ಸ್ಪ್ರಿಂಗ್ ಕ್ಲ್ಯಾಂಪಿನಲ್ಲಿ ತೂರಿಸಬೇಕು, ಸಾಮಾನ್ಯವಾಗಿ 11 ಮಿ.ಮೀ. ಸಿಪ್ಪೆ ತೆಗೆದು. ಕಡಿಮೆ ತೆಗೆದರೆ ಹಿಡಿತ ಸಾಲದೆ ಬಿಸಿಯಾಗುತ್ತದೆ, ಹೆಚ್ಚು ತೆಗೆದರೆ ತಾಮ್ರ ಹೊರಗೆ ಕಾಣುತ್ತದೆ. ಚಾಕುವಿನಿಂದ ಸುತ್ತ ಕೊಯ್ದು ಸಿಪ್ಪೆ ತೆಗೆಯುವ ನಮ್ಮ ಅಭ್ಯಾಸ ಗಟ್ಟಿ ತಂತಿಗೆ ಆಗದು. ತಾಮ್ರಕ್ಕೆ ಗಾಯ ಬಿದ್ದು, ಡಬ್ಬಿಯೊಳಗೆ ಬಗ್ಗಿಸುವಾಗ ಅಲ್ಲೇ ಮುರಿಯುತ್ತದೆ. ನೂಲಿನ ತಂತಿ ಸಿಕ್ಕಿದರೆ ಅದರ ತುದಿಗೆ ಲೋಹದ ತೋಳು ಹಾಕಿ ಒತ್ತದೆ ಸ್ಕ್ರೂ ಟರ್ಮಿನಲಿಗೆ ಕೊಡುವಂತಿಲ್ಲ.

ಅರ್ತಿಂಗ್‌ಗೆ ಉಪ್ಪು, ಇದ್ದಿಲು ತುಂಬಿದ ಗುಂಡಿ ಇಲ್ಲ. ಹೊಸ ಮನೆಯ ಪಂಚಾಂಗ (ಅಡಿಪಾಯ) ಹಾಕುವಾಗಲೇ 30 × 3.5 ಮಿ.ಮೀ.ಯ ಉಕ್ಕಿನ ಪಟ್ಟಿಯನ್ನು ಸುತ್ತು ಬರುವ ಹಾಗೆ ಇಡುತ್ತಾರೆ. ಕಾಂಕ್ರೀಟಿನೊಳಗೇ ಇಡುವುದಾದರೆ ಎಲ್ಲ ಕಡೆಯಿಂದ ಐದು ಸೆಂ.ಮೀ. ಕಾಂಕ್ರೀಟು ಮುಚ್ಚಿರಬೇಕು, ಇಲ್ಲದಿದ್ದರೆ ತುಕ್ಕು. ಕಾಂಕ್ರೀಟು ಸುರಿದ ಮೇಲೆ ನೆನಪಾದರೆ ಮಾಡಲಿಕ್ಕಾಗದು. ಹಾಗಾಗಿ ಮೇಸ್ತ್ರಿ ಮತ್ತು ಇಲೆಕ್ಟ್ರೀಶನ್ ಮೊದಲ ದಿನದಿಂದಲೇ ಮಾತಾಡಿಕೊಳ್ಳಬೇಕು.

ಕೊನೆಗೆ ಅಳತೆ. ಸ್ವಿಚ್ ಹಾಕಿದಾಗ ಬಲ್ಬು ಉರಿದರೆ ಕೆಲಸ ಮುಗಿದ ಹಾಗಲ್ಲ. ಅರ್ತ್ ತಂತಿ ತುದಿಯವರೆಗೆ ಕಡಿಯದೆ ಇದೆಯೇ ಎಂದು ಕನಿಷ್ಠ 200 ಮಿಲಿ ಆಂಪಿಯರ್ ಹರಿಸಿ ನೋಡಬೇಕು. ಇನ್ಸುಲೇಶನ್ನಿಗೆ 500 ವೋಲ್ಟ್ ಡಿಸಿ ಕೊಟ್ಟು 1 ಮೆಗಾ ಓಮಿಗಿಂತ ಕಡಿಮೆ ಇರಬಾರದು. 30 ಮಿಲಿ ಆಂಪಿಯರಿನ ಆರ್‌ಸಿಡಿ (ಆ ಸೋರಿಕೆ ಸ್ವಿಚ್ಚೇ) ಎಷ್ಟು ಮಿಲಿಸೆಕೆಂಡಿನಲ್ಲಿ ಬೀಳುತ್ತದೆ ಎಂದು ಯಂತ್ರದಲ್ಲಿ ನೋಡಬೇಕು. ಅದರ ಮೇಲಿನ ಟೆಸ್ಟ್ ಗುಂಡಿ ಒತ್ತಿದ್ದು ಸಾಲದು, ಆ ಗುಂಡಿಗೆ ಅರ್ತ್ ತಂತಿ ಇದೆಯೋ ಇಲ್ಲವೋ ಎಂಬುದೇ ಗೊತ್ತಾಗುವುದಿಲ್ಲ. ಎಲ್ಲವನ್ನೂ ಫಾರ್ಮಿನಲ್ಲಿ ಬರೆದು ಸಹಿ ಹಾಕಬೇಕು. ನಮ್ಮ ಹುಡುಗರ ಕೈ ಚುರುಕು, ಪೈಪು ಎಳೆಯುವುದರಲ್ಲಿ ಅಲ್ಲಿಯವರಿಗಿಂತ ಮುಂದೆ. ಎಡವುವುದು ಈ ಅಳತೆ, ದಾಖಲೆ ಮತ್ತು ಪರೀಕ್ಷಕರ ಎದುರು ‘ಹೀಗೇಕೆ ಮಾಡಿದೆ’ ಎಂಬುದಕ್ಕೆ ಬಾಯಿಬಿಟ್ಟು ಕಾರಣ ಹೇಳುವುದರಲ್ಲಿ.

ಅದಕ್ಕೆ ಭಾಷೆ. ಔಸ್‌ಬಿಲ್ಡುಂಗ್ ವೀಸಾಕ್ಕೆ ಸಾಮಾನ್ಯವಾಗಿ ಬಿ1, ಎ2ರ ಮೇಲಿನ ಮೆಟ್ಟಿಲು. ಜರ್ಮನ್ ಕಲಿಸುವ ಗೊಯೆಥೆ ಸಂಸ್ಥೆಯ ಲೆಕ್ಕದಲ್ಲಿ ಅಲ್ಲಿಗೆ ಮುಟ್ಟಲು 45 ನಿಮಿಷದ 350ರಿಂದ 650 ಪಾಠ. ದಿನಕ್ಕೆ ನಾಲ್ಕು ಗಂಟೆ ಕೂತರೆ ಪಾಠಕ್ಕೇ ಮೂರರಿಂದ ಆರು ತಿಂಗಳು. ಕೆಲಸ ಮಾಡುತ್ತಾ ಸಂಜೆ ಮಾತ್ರ ಕಲಿಯುವುದಾದರೆ ಒಂದೂವರೆ ವರ್ಷ ಇಟ್ಟುಕೊ. ಬಿ1 ಪರೀಕ್ಷೆಯಲ್ಲಿ ಓದು, ಕೇಳು, ಬರಹ, ಮಾತು ಎಂದು ನಾಲ್ಕು ಭಾಗ, ಪ್ರತಿಯೊಂದಕ್ಕೂ ನೂರರಲ್ಲಿ 60 ಬೇಕು. ಬಿದ್ದ ಭಾಗ ಒಂದನ್ನೇ ಪುನಃ ಕಟ್ಟಬಹುದು. ಕೋಝಿಕ್ಕೋಡಿನಲ್ಲಿ ನೋರ್ಕಾದ ಭಾಷಾ ಕೇಂದ್ರ ಇದೆ, ಬೆಂಗಳೂರಿನಲ್ಲಿ ಗೊಯೆಥೆ ಸಂಸ್ಥೆ ಇದೆ. ನೀನು ಹೆದರಬೇಕಾಗಿಲ್ಲ. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಪೇಟೆಯಲ್ಲಿ ಮತ್ತೊಂದು ಭಾಷೆ ಆಡಿ ಬೆಳೆದ ಗಡಿನಾಡಿನ ಮಕ್ಕಳಿಗೆ ಇದು ಐದನೆಯದೋ ಆರನೆಯದೋ. ಜರ್ಮನಿನಲ್ಲಿ ವಾಕ್ಯದೊಳಗೊಂದು ವಾಕ್ಯ ಬಂದರೆ ಅದರ ಕ್ರಿಯಾಪದ ಕೊನೆಗೆ ಹೋಗುತ್ತದೆ, ನಮ್ಮ ಕನ್ನಡದ ಹಾಗೆಯೇ. ಇಂಗ್ಲಿಷಿನ ಮೂಲಕ ಕಲಿಯುವವರು ಅಲ್ಲೇ ತಿಣುಕುವುದು. ಉದ್ದದ ಪದಗಳು ಸಮಾಸಗಳು. ಶುಟ್ಸ್ ಎಂದರೆ ರಕ್ಷಣೆ, ಲೈಟರ್ ಎಂದರೆ ವಾಹಕ, ಶುಟ್ಸ್‌ಲೈಟರ್ ಎಂದರೆ ಅರ್ತ್ ತಂತಿ. ಬಿಡಿಸಿ ಓದಿದರೆ ಮುಗಿಯಿತು. ಸೈಟಿನಲ್ಲಿ ಮಾತ್ರ ಪುಸ್ತಕದ ಜರ್ಮನ್ ಕೇಳಿಸುವುದಿಲ್ಲ, ಪ್ರಾಂತ್ಯದ ಆಡುಮಾತು. ಆರು ತಿಂಗಳು ತಾಳ್ಮೆ ಬೇಕು.

ದುಡ್ಡು. ಔಸ್‌ಬಿಲ್ಡುಂಗ್‌ನ ಕನಿಷ್ಠ ಸಂಬಳ 2025ರಲ್ಲಿ ಶುರು ಮಾಡಿದವರಿಗೆ ಮೊದಲ ವರ್ಷ ತಿಂಗಳಿಗೆ 682 ಯೂರೋ, ಎರಡನೆಯ ವರ್ಷ 805, ಮೂರನೆಯದು 921, ನಾಲ್ಕನೆಯದು 955. ಕಾರ್ಮಿಕ ಸಂಘದ ಒಪ್ಪಂದ ಇರುವ ಕಡೆ ಇದಕ್ಕಿಂತ ಹೆಚ್ಚು. 1,000 ಯೂರೋ ಎಂದು ಇಟ್ಟುಕೊಂಡರೆ ಪಿಂಚಣಿ, ಆರೋಗ್ಯ ವಿಮೆ ಮುಂತಾದಕ್ಕೆ ಐದರಲ್ಲೊಂದು ಭಾಗ ಹೋಗಿ ಸುಮಾರು 800 ಕೈಗೆ ಬರುತ್ತದೆ. ಆ ಸಂಬಳಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ. ಸಣ್ಣ ಊರಿನಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಗೆ 350ರಿಂದ 450, ಮನೆಯಲ್ಲೇ ಅಡಿಗೆ ಮಾಡಿದರೆ ಊಟಕ್ಕೆ 200, ಬಸ್ಸು ರೈಲಿಗೆ ತಿಂಗಳ ಪಾಸು 2025ರಲ್ಲಿ 58. ಫೋನು, ಬಟ್ಟೆ, ಚಳಿಗಾಲದ ಜಾಕೆಟ್ಟು ಸೇರಿದರೆ ಉಳಿಯುವುದು ಇಲ್ಲವೆನ್ನುವಷ್ಟು. ಮ್ಯೂನಿಕ್‌ನಂಥ ನಗರದಲ್ಲಿ ಸಾಲದೇ ಹೋಗುತ್ತದೆ. ಅದಕ್ಕೇ ಹೇಳುವುದು, ಕೋಣೆ ಕೊಡುವ ಸಣ್ಣ ಊರಿನ ಕಂಪನಿ ಹುಡುಕು. ಸಂಬಳ ಖರ್ಚಿಗೆ ಸಾಲದು ಎಂದು ಕಂಡರೆ ವೀಸಾ ಕೊಡುವ ಜರ್ಮನ್ ಕಾನ್ಸುಲೇಟಿನವರು ವ್ಯತ್ಯಾಸದ ಹಣವನ್ನು ತಡೆಖಾತೆಯಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ) ಇಡಲು ಹೇಳುತ್ತಾರೆ. ಏಜೆಂಟನಿಗೆ ಕೊಡಬೇಕೆಂದಿದ್ದ ಹಣ ಇದಕ್ಕಿರಲಿ. ವಾರಕ್ಕೆ 20 ಗಂಟೆವರೆಗೆ ಬೇರೆ ಕೆಲಸ ಮಾಡಲು ಅನುಮತಿ ಇದೆ, ಆದರೆ ಮೊದಲ ವರ್ಷ ಬೇಡ. ಬೆಳಗ್ಗೆ ಏಳಕ್ಕೆ ಸೈಟಿನಲ್ಲಿರಬೇಕಾದವನು ರಾತ್ರಿ ಹೋಟೆಲಿನಲ್ಲಿ ಪಾತ್ರೆ ತೊಳೆದರೆ ವೃತ್ತಿಶಾಲೆಯ ಪಾಠ ಕೈಬಿಡುತ್ತದೆ.

ಗೆಸೆಲ್ಲೆ ಆದ ಮೇಲೆ ಲೆಕ್ಕ ಬೇರೆ. ಅಲ್ಲಿಯೇ ಕಲಿತವನಿಗೆ ಅದೇ ಕಸುಬಿನಲ್ಲಿ ಎರಡು ವರ್ಷ ವಿಮೆ ಕಟ್ಟಿ ದುಡಿದರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಮುಂದೆ ಮೈಸ್ಟರ್ (ಕಸುಬಿನ ಗುರು) ಪರೀಕ್ಷೆ, ನಾಲ್ಕು ಭಾಗ: ಕೈಕೆಲಸ, ಶಾಸ್ತ್ರ, ವ್ಯವಹಾರ ಮತ್ತು ಕಾನೂನು, ನಾಲ್ಕನೆಯದು ಬೇರೆಯವರಿಗೆ ಕಲಿಸುವುದು ಹೇಗೆ ಎಂಬುದು.

ಈ ನಾಲ್ಕನೆಯ ಭಾಗದ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ನೀನು ಕೇಳದಿದ್ದರೂ. ಕೆಲಸ ಚೆನ್ನಾಗಿ ಬಂದರೆ ಸಾಲದು, ಕಲಿಸಲಿಕ್ಕೂ ಬರಬೇಕು ಎಂದು ಪರೀಕ್ಷೆಯಲ್ಲೇ ಕೇಳುವ ಪದ್ಧತಿ ಇದು. ಅಲ್ಲಿ 1953ರ ಕಸುಬುಗಳ ಕಾನೂನು, 1969ರ ವೃತ್ತಿಶಿಕ್ಷಣ ಕಾನೂನು ಎರಡೂ ಸೇರಿ ಹೊರೆಯನ್ನು ಹಂಚಿವೆ: ಸಂಬಳ, ಕೈಕೆಲಸ ಕಂಪನಿಯ ಪಾಲು, ಶಾಲೆ ಸರ್ಕಾರದ ಪಾಲು, ಪರೀಕ್ಷೆ ಮಂಡಳಿಯ ಪಾಲು. ಪರೀಕ್ಷಾ ಸಮಿತಿಯಲ್ಲಿ ಮಾಲೀಕರ ಕಡೆಯವರು, ಕೆಲಸಗಾರರ ಕಡೆಯವರು ಸಮಸಮ, ಜೊತೆಗೆ ಒಬ್ಬ ಅಧ್ಯಾಪಕ. ಹಾಗಾಗಿ ಐದು ಜನರ ಸಣ್ಣ ಕಂಪನಿಯಲ್ಲಿ ಕಲಿತವನೂ ದೊಡ್ಡ ಕಂಪನಿಯಲ್ಲಿ ಕಲಿತವನೂ ಒಂದೇ ಪರೀಕ್ಷೆ ಬರೆಯುತ್ತಾರೆ. ಇದು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಅಲ್ಲೇ ನಿದರ್ಶನ ಇದೆ. 2004ರಲ್ಲಿ 53 ಕಸುಬುಗಳಿಗೆ ಮೈಸ್ಟರ್ ಬೇಕೆಂಬ ನಿಯಮ ತೆಗೆದರು. ಟೈಲ್ಸ್ ಹಾಕುವ ಕಸುಬಿನಲ್ಲಿ ಒಬ್ಬೊಬ್ಬರೇ ನಡೆಸುವ ಕಂಪನಿಗಳು ತುಂಬಿದವು, ಕಲಿಯುವ ಹುಡುಗರು ಕಡಿಮೆಯಾದರು, ಏಕೆಂದರೆ ಒಬ್ಬನೇ ಓಡಾಡುವವನಿಗೆ ಶಿಷ್ಯನನ್ನು ಇಟ್ಟುಕೊಳ್ಳುವ ಶಕ್ತಿಯೂ ಇಲ್ಲ, ಕಾರಣವೂ ಇಲ್ಲ. 2020ರಲ್ಲಿ ಟೈಲ್ಸೂ ಸೇರಿ 12 ಕಸುಬುಗಳಿಗೆ ನಿಯಮ ವಾಪಸು ಬಂತು.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಐಟಿಐಗಳ ಯೋಜನೆ 1950ರದ್ದು, ಅಪ್ರೆಂಟಿಸ್ ಕಾಯ್ದೆ 1961ರದ್ದು. ಆದರೆ ನಮ್ಮ ಊರಿನ ನಿಜವಾದ ಕಸುಬುಗಳು ಇವುಗಳ ಹೊರಗೇ ಉಳಿದವು. ಎಣ್ಮಕಜೆ, ಬಾಯಾರು, ಪೈವಳಿಕೆ ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ಸುರಂಗ ಕೊರೆದವರನ್ನು ನೆನೆಸಿಕೊ. ಒಬ್ಬ ಮನುಷ್ಯ ಹೋಗುವಷ್ಟೇ ಅಗಲ. ದೀಪ ಮಂಕಾದರೆ ಗಾಳಿ ಸಾಲದು ಎಂದು ಹಿಂದೆ ಬರುವುದು. ಮಣ್ಣಿನ ಪಸೆ, ಮೇಲಿನ ಮರ ನೋಡಿ ನೀರಿನ ದಿಕ್ಕು ಹೇಳುವುದು. ನೀರು ತಾನಾಗಿ ಹೊರಗೆ ಹರಿಯುವಷ್ಟೇ ಓರೆ ಕೊಟ್ಟು ಕೋಲಿನ ಲೆಕ್ಕದಲ್ಲಿ ಮುಂದೆ ಹೋಗುವುದು. ಯಾವ ಇಂಜಿನಿಯರಿಂಗಿಗೂ ಕಡಿಮೆಯದ್ದಲ್ಲ ಇದು. ಕಲಿಸಿದ್ದು ಮಾತ್ರ ಜೊತೆಗೆ ಕರೆದುಕೊಂಡು ಹೋದ ಮಗನಿಗೋ ಅಳಿಯನಿಗೋ. ಬೋರ್‌ವೆಲ್ ಬಂತು, ಮಗ ಬೇರೆ ಕೆಲಸಕ್ಕೆ ಹೋದ, ಈಗ ಕೊರೆಯಬಲ್ಲವರನ್ನು ಬೆರಳಲ್ಲಿ ಎಣಿಸಬೇಕು. ಯಾರೂ ತಪ್ಪು ಮಾಡಿದವರಲ್ಲ. ಕಲಿಸುವುದು ಯಾರ ಹೊಣೆ ಎಂದು ಎಲ್ಲೂ ಬರೆದಿಡಲಿಲ್ಲ ಅಷ್ಟೆ. ನಿನ್ನ ಕಂಟ್ರಾಕ್ಟರ್ ನಿನಗೆ ಮೆಗ್ಗರ್ ಹಿಡಿಯಲು ಎಷ್ಟು ಸಲ ಕೊಟ್ಟಿದ್ದಾರೆ, ಯೋಚಿಸು.

ಇನ್ನು ಕಾಗದಪತ್ರ. ಮೊದಲ ಕೆಲಸ, ಪಾಸ್‌ಪೋರ್ಟ್, ಎಸ್‌ಎಸ್‌ಎಲ್‌ಸಿ, ಐಟಿಐ ಸರ್ಟಿಫಿಕೇಟ್, ಜನನ ಪತ್ರ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಹೆಸರು ನೋಡು. ನಮ್ಮಲ್ಲಿ ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಹೆಸರು, ಮತ್ತೊಂದರಲ್ಲಿ ಮನೆಹೆಸರು. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ ಇಂಗ್ಲಿಷಿಗೆ ಬರುವಾಗ ಅಕ್ಷರವೂ ಬದಲಾಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟಿದ್ದರೆ ಜರ್ಮನಿಯ ಪ್ರತಿ ಕಚೇರಿಯಲ್ಲೂ ವಿವರಣೆ ಕೊಡಬೇಕಾಗುತ್ತದೆ. ಇದನ್ನು ಸರಿಮಾಡಲು ತಿಂಗಳುಗಳು ಬೇಕು, ಆದ್ದರಿಂದ ಭಾಷೆಯ ತರಗತಿ ಶುರುವಾದ ದಿನವೇ ಇದನ್ನೂ ಶುರು ಮಾಡು. ಅಪೋಸ್ಟಿಲ್ (ದಾಖಲೆ ವಿದೇಶದಲ್ಲಿ ನಡೆಯಲೆಂದು ಹಾಕುವ ಸರ್ಕಾರಿ ಮುದ್ರೆ) ಮಾಡಿಸಿಕೊಡುತ್ತೇವೆ ಎಂದು ದುಡ್ಡು ಕೇಳುವವರಿಗೆ ಕೊಡುವ ಮೊದಲು ಕಾನ್ಸುಲೇಟಿನ ಪಟ್ಟಿ ನೋಡು. ಭಾರತದ ಅಪೋಸ್ಟಿಲ್‌ಗೆ ಜರ್ಮನಿ ಆಕ್ಷೇಪ ಹಾಕಿರುವುದರಿಂದ ಅಲ್ಲಿ ಅದು ನಡೆಯುವುದಿಲ್ಲ. ಕೇರಳ, ಕರ್ನಾಟಕ ಎರಡೂ ಬೆಂಗಳೂರಿನ ಕಾನ್ಸುಲೇಟಿಗೇ ಸೇರಿದ್ದು. ವೀಸಾ ಶುಲ್ಕ 75 ಯೂರೋ.

ಕಂಪನಿ ಹುಡುಕುವುದಕ್ಕೆ ಜರ್ಮನ್ ಉದ್ಯೋಗ ಇಲಾಖೆಯ ತಾಣ ಇದೆ, ಮಂಡಳಿಗಳ ತಾಣಗಳಿವೆ, ಮೇಕ್ ಇಟ್ ಇನ್ ಜರ್ಮನಿ ಎಂಬ ಸರ್ಕಾರಿ ತಾಣ ಇದೆ. ಔಸ್‌ಬಿಲ್ಡುಂಗ್ ಶುರುವಾಗುವುದು ಆಗಸ್ಟ್ ಅಥವಾ ಸೆಪ್ಟೆಂಬರ್ ಒಂದಕ್ಕೆ. ಅರ್ಜಿ ಹಾಕಬೇಕಾದದ್ದು ಅದರ ಹಿಂದಿನ ಶರತ್ಕಾಲದಿಂದ. ಒಂದು ಪುಟದ ಪತ್ರ, ಒಂದು ಪುಟದ ಜೀವನ ವಿವರ, ಸರ್ಟಿಫಿಕೇಟುಗಳು, ಎಲ್ಲ ಸೇರಿ ಒಂದೇ ಪಿಡಿಎಫ್. ಒಂದೇ ಪತ್ರವನ್ನು ನೂರು ಕಂಪನಿಗೆ ಕಳಿಸಿದರೆ ನೂರೂ ಕಸದ ಬುಟ್ಟಿಗೆ. ಆ ಕಂಪನಿ ಏನು ಮಾಡುತ್ತದೆ ಎಂದು ನೋಡಿ ಎರಡು ಸಾಲು ಬರೆ. ಸೋಲಾರ್ ಹಾಕುವವರಿಗೆ ಸೋಲಾರ್ ಬಗ್ಗೆ, ಹಳೆ ಮನೆ ಸರಿಮಾಡುವವರಿಗೆ ಅದರ ಬಗ್ಗೆ. ಸೈಟಿಗೆ ವ್ಯಾನು ಓಡಿಸಬೇಕಾಗುತ್ತದೆ. ನಮ್ಮ ಲೈಸೆನ್ಸು ಅಲ್ಲಿ ಆರು ತಿಂಗಳು ಮಾತ್ರ ನಡೆಯುತ್ತದೆ, ಆಮೇಲೆ ಬರಹ ಮತ್ತು ಓಡಿಸುವ ಪರೀಕ್ಷೆ ಎರಡೂ ಅಲ್ಲೇ ಆಗಬೇಕು, ಖರ್ಚು ಸಾವಿರಗಟ್ಟಲೆ ಯೂರೋ. ಆದರೂ ಇಲ್ಲೇ ನಾಲ್ಕು ಚಕ್ರದ್ದು ಕಲಿತು ಹೋದರೆ ಅಲ್ಲಿ ಪಾಠದ ಗಂಟೆ ಕಡಿಮೆ ಸಾಕಾಗುತ್ತದೆ.

ಕರಾರು ಕೈಗೆ ಬಂದಾಗ ನೋಡಬೇಕಾದದ್ದು: ವೃತ್ತಿಯ ಹೆಸರು ಪೂರ್ತಿ ಇದೆಯೇ, ‘ಸಹಾಯಕ’ ಎಂದಿದ್ದರೆ ಅದು ಔಸ್‌ಬಿಲ್ಡುಂಗ್ ಅಲ್ಲ; ಮಂಡಳಿಯಲ್ಲಿ ನೋಂದಣಿ ಆಗಿದೆಯೇ; ಪ್ರೊಬೇಷನ್ ಒಂದರಿಂದ ನಾಲ್ಕು ತಿಂಗಳ ಒಳಗಿದೆಯೇ. ಅದರೊಳಗೆ ಅವರೂ ಬಿಡಬಹುದು, ನೀನೂ ಬಿಡಬಹುದು. ದಾಟಿದ ಮೇಲೆ ದೊಡ್ಡ ಕಾರಣ ಇಲ್ಲದೆ ಅವರು ತೆಗೆಯುವಂತಿಲ್ಲ. ನಿನ್ನ ತಪ್ಪಿಲ್ಲದೆ ಜಾಗ ಹೋದರೆ ಬೇರೆ ಕಂಪನಿ ಹುಡುಕಲು ಆರು ತಿಂಗಳವರೆಗೆ ಸಮಯ ಸಿಗುತ್ತದೆ. ಆದರೆ ವಿದೇಶಿಯರ ಕಚೇರಿಗೆ ಕೂಡಲೇ ತಿಳಿಸಬೇಕು, ಅಡಗಿಸಿದರೆ ಕೆಡುತ್ತದೆ. ವಾರವಾರ ಮಾಡಿದ ಕೆಲಸ ಬರೆಯುವ ದಿನಚರಿ ಪುಸ್ತಕ ಇದೆ, ಅದು ಇಲ್ಲದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಶುಕ್ರವಾರ ಸಂಜೆಯೇ ಬರೆದುಬಿಡು. ಹುಷಾರಿಲ್ಲದಿದ್ದರೆ ಕೆಲಸ ಶುರುವಾಗುವ ಮೊದಲೇ ಫೋನು ಮಾಡಬೇಕು, ಶಾಲೆಯ ದಿನವಾದರೆ ಶಾಲೆಗೂ.

ತೋಟದ ಮಾತು. ರಜೆ ವರ್ಷಕ್ಕೆ ಕನಿಷ್ಠ ನಾಲ್ಕು ವಾರ, ಅದನ್ನು ವೃತ್ತಿಶಾಲೆಗೆ ರಜೆ ಇದ್ದಾಗಲೇ ಕೊಡುವುದು ರೂಢಿ. ದೊಡ್ಡ ರಜೆ ಬೀಳುವುದು ಜುಲೈ, ಆಗಸ್ಟಿನಲ್ಲಿ. ಮಳೆ ಹಿಡಿಯುವ ಮೊದಲಿನ ಮದ್ದಿಗೆ ನೀನು ಬರಲಾರೆ, ನಲವತ್ತು ದಿನ ಬಿಟ್ಟು ಎರಡನೆಯ ಸಲ ಬಿಡುವುದಕ್ಕೂ ನಿನ್ನನ್ನು ನಂಬಿ ಕೂರುವಂತಿಲ್ಲ. ಮಹಾಳಿ (ಕೊಳೆರೋಗ) ಬಿದ್ದರೆ ಆ ವರ್ಷದ ಫಸಲೇ ಉದುರುತ್ತದೆ. ಹಾಗಾಗಿ ಈ ವರ್ಷವೇ ನೆರೆಕರೆಯ ಒಬ್ಬ ಹುಡುಗನನ್ನು ಜೊತೆಗೆ ಇಟ್ಟುಕೊಂಡು ಕಲಿಸು: ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಬೇರೆ ಬೇರೆ ಕರಗಿಸಿ ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುವುದು, ತಿರುಗಿಸಿ ಹೊಯ್ದರೆ ದ್ರಾವಣ ಕೆಡುತ್ತದೆ, ಕಬ್ಬಿಣದ ಚೂರಿ ಅದ್ದಿ ನೋಡಿ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಸೇರಿಸುವುದು, ಮಾಡಿದ್ದನ್ನು ಅದೇ ದಿನ ಮುಗಿಸುವುದು. ಮರ ಹತ್ತಲು ಅವನಿಗೆ ಧೈರ್ಯ ಸಾಲದಿದ್ದರೆ ನೆಲದಿಂದಲೇ ಬಿಡುವ ಕಾರ್ಬನ್ ಫೈಬರ್ ದೋಟಿ ಇದೆ. ಒಂದು ಮನೆಗೆ ಭಾರವಾದರೆ ಮೂರು ಮನೆಯವರು ಸೇರಿ ತೆಗೆದುಕೊಳ್ಳಿ. ಅಪ್ಪನನ್ನು ಎದುರು ಕೂರಿಸಿಕೊಂಡೇ ಆ ಹುಡುಗನ ಕೂಲಿ ಮಾತಾಡು, ಎರಡು ವರ್ಷದ್ದು ಈಗಲೇ. ಬಿ1 ತರಗತಿಗೆ ಹಣ ಕಟ್ಟುವ ಮೊದಲು ಇದು ಆಗಲಿ.